ಉತ್ತರದ ಗೋಡೆ

ಮ್ಯಾಲಕಿ ಗೈನನ್ ಯಾರ ಮನೆಗೆ ಹೋದರೂ ಮೊದಲು ಉತ್ತರದ ಗೋಡೆಗೆ ಅಂಗೈ ಇಡುತ್ತಿದ್ದ. ಕೈಗೆ ಚಹಾ ಕೊಟ್ಟರೆ ಎಡಗೈಗೆ ಬದಲಾಯಿಸಿಕೊಂಡು, ಬಲಗೈಯನ್ನು ಗಬ್ಬದ ಹಸುವಿನ ಹೊಟ್ಟೆ ಮುಟ್ಟುವವನ ಹಾಗೆ ಗೋಡೆಯ ಮೇಲೆ ಮೆಲ್ಲಗೆ ಒತ್ತಿ, ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲುತ್ತಿದ್ದ. ಅವನ ಊರಾದ ಡೆರಿಮೊನಾದಲ್ಲಿ ಅವನನ್ನು ಇದಕ್ಕಾಗಿ ಆಡಿಕೊಳ್ಳದವರಿಲ್ಲ. "ಗೋಡೆ ಏನಂತು ಡಾಕ್ಟ್ರೇ? ಬದುಕುತ್ತಾ?" ಎಂದು ಕೇಳುವರು. "ಒದ್ದೆ ಇದೆ. ಕೆಮ್ತಾ ಇದೆ" ಎನ್ನುವನು ಅವನು. ನಗುತ್ತಿರಲಿಲ್ಲ.

ಹಳೆಯ ಮನೆಗಳ ಚಳಿ, ತೇವ ಬಿಡಿಸುವ ಈ ಕಸುಬು ಅವನಿಗೆ ಐವತ್ತೆಂಟರಲ್ಲಿ ಬಂದದ್ದು. ಅದಕ್ಕೆ ಮುಂಚೆ ಸುಮಾರು ನಲವತ್ತು ವರ್ಷ ಅವನು ಜೌಗುನೆಲದಲ್ಲಿ ಯಂತ್ರ ಓಡಿಸಿದವನು. ಬೇಸಿಗೆಯಲ್ಲಿ ಜೌಗಿನ ಮೇಲ್ಪದರವನ್ನು ಹೆರೆದು, ಒಣಗಿಸಿ, ಉದ್ದುದ್ದ ದಿಬ್ಬ ಮಾಡಿ, ಪುಟ್ಟ ರೈಲಿಗೆ ತುಂಬಿ ಕಳಿಸುವುದು. ಸಾವಿರಾರು ವರ್ಷದ ಗಿಡಗಂಟಿ ಕೊಳೆತು ಆದ ಆ ಕಂದು ಮಣ್ಣು ವಿದ್ಯುತ್ ಸ್ಥಾವರದಲ್ಲಿ ಉರಿದು ಅರ್ಧ ಜಿಲ್ಲೆಗೆ ಬೆಳಕಾಗುತ್ತಿತ್ತು. ಊರಿನ ಗಂಡಸರ ಕಿವಿಯಲ್ಲಿ, ಊಟದ ಡಬ್ಬಿಯಲ್ಲಿ, ಹೆಂಡಂದಿರು ಒಗೆದು ಒಣಹಾಕಿದ ಬಟ್ಟೆಯಲ್ಲಿ ಅದೇ ಕಂದು ಧೂಳು. ಮನೆಮನೆಯ ಒಲೆಯಲ್ಲೂ ಅದೇ ಮಣ್ಣಿನ ಹೆಂಟೆ ಉರಿಯುತ್ತಿತ್ತು. ಆ ಹೊಗೆಯ ವಾಸನೆ ಬಂದರೆ ಮನೆ ಹತ್ತಿರ ಬಂತು ಎಂದು ಅರ್ಥ.

ಮದುವೆಯಾದ ವರ್ಷ ಮ್ಯಾಲಕಿ ಮತ್ತು ಅಸಂಪ್ಟಾ ರೈಲುಹಳಿಯ ಪಕ್ಕದ ಸಾಲಿನ ಕೊನೆಯ ಮನೆ ಕೊಂಡರು. ಒಂಬತ್ತಂಗುಲದ ಗಟ್ಟಿ ಕಾಂಕ್ರೀಟ್ ಗೋಡೆ. ಸಾಲಿನ ಕೊನೆಯದಾದ್ದರಿಂದ ಉತ್ತರದ ಗಾಳಿಗೆ ನಡುವೆ ಇನ್ನೊಂದು ಮನೆಯ ತಡೆ ಇರಲಿಲ್ಲ. ಮೊದಲು ಡೋನಲ್ ಹುಟ್ಟಿದ, ಮೂರು ವರ್ಷದ ಮೇಲೆ ರೀಯನಾ. ಅವಳಿಗೆ ಹಿಂದಿನ ಕೋಣೆ ಕೊಟ್ಟರು. ಚಿಕ್ಕ ಕೋಣೆ, ಮಂಚ ಹಾಕಿದರೆ ಬಾಗಿಲು ಪೂರ್ತಿ ತೆರೆಯುತ್ತಿರಲಿಲ್ಲ. ಮಂಚದ ತಲೆಕಡೆ ಉತ್ತರದ ಗೋಡೆಗೆ.

ರೀಯನಾಗೆ ಎರಡನೆಯ ವಯಸ್ಸಿನಿಂದಲೇ ಉಬ್ಬಸ. ತೀರಾ ಹೆಚ್ಚಲ್ಲ. ಓಡಿದರೆ ಸಿಳ್ಳೆಯಂಥ ಉಸಿರು, ಚಳಿಗಾಲದಲ್ಲಿ ಕೆಮ್ಮು. ತೊಂಬತ್ತಮೂರರ ಅಕ್ಟೋಬರಿನಲ್ಲಿ ಜೌಗಿನ ಕಡೆಯಿಂದ ಗಾಳಿ ಬೀಸತೊಡಗಿದಾಗ ಕೋಣೆ ಮಂಜುಗಡ್ಡೆಯಾಯಿತು. ಗೋಡೆಯ ಮೇಲ್ಮೂಲೆಯಲ್ಲಿ ಗಾಳಿಕಿಂಡಿ ಇತ್ತು. ಅದರಿಂದ ಬಂದ ಗಾಳಿ ನೇರ ಮಗುವಿನ ಮುಖದ ಮೇಲೆ.

"ಮೂಗು ಮುಟ್ಟಿ ನೋಡು ಇವಳದ್ದು. ನಾಯಿಮರಿ ಮೂಗು ಥರ ಆಗಿದೆ. ಏನಾದ್ರೂ ಮಾಡು ಮ್ಯಾಲಕಿ" ಎಂದಳು ಅಸಂಪ್ಟಾ.

ಆ ಶನಿವಾರ ಮ್ಯಾಲಕಿ ಥರ್ಮೊಕೋಲ್ ಹಾಳೆ ತಂದು ಗೋಡೆಗೆ ಅಂಟಿಸಿದ. ಮೇಲೆ ಪ್ಲೈವುಡ್ ಹೊಡೆದ. ಕಿಂಡಿಗೆ ಬಟ್ಟೆ ತುರುಕಿ, ಹಲಗೆಯನ್ನು ಅದರ ಮೇಲೂ ಎಳೆದು ಮುಚ್ಚಿದ. ತಿಳಿನೀಲಿ ಬಣ್ಣ ಬಳಿದ. ಇಡೀ ಊರು ಹಾಗೇ ಮಾಡುತ್ತಿತ್ತು. ಅವನ ಕೈಕೆಲಸ ಮಾತ್ರ ಎಲ್ಲರಿಗಿಂತ ಅಚ್ಚುಕಟ್ಟು, ಎಲ್ಲೂ ಸೂಜಿಮೊನೆಯಷ್ಟು ಸಂದಿಲ್ಲ. ರೀಯನಾ ಮಂಚದ ಮೇಲೆ ಕುಣಿದಳು.

"ಅಪ್ಪಾ, ನನ್ ರೂಮು ಟೋಪಿ ಹಾಕ್ಕೊಂಡಿದೆ!"

ಆ ಚಳಿಗಾಲ ಕೋಣೆ ಬೆಚ್ಚಗಿತ್ತು. ಮುಂದಿನ ಚಳಿಗಾಲದಲ್ಲಿ ಕೆಮ್ಮು ಹೆಚ್ಚಾಯಿತು. ಡಾಕ್ಟರು ಔಷಧಿ ಬದಲಾಯಿಸಿದರು. ಅಸಂಪ್ಟಾ ಬಾಗಿಲ ಕೆಳಗಿನ ಸಂದಿಗೂ ಕಂಬಳಿ ಮಡಚಿ ಇಟ್ಟಳು. ತೊಂಬತ್ತೈದರ ಫೆಬ್ರವರಿಯ ಒಂದು ಬೆಳಿಗ್ಗೆ, ಶಾಲೆಗೆ ಹೊರಡಿಸಬೇಕೆಂದು ಎಬ್ಬಿಸಲು ಹೋದರೆ ರೀಯನಾ ಎದ್ದು ಕೂತಿದ್ದಳು. ಎರಡೂ ಕೈ ಮೊಣಕಾಲ ಮೇಲೆ ಊರಿ, ಹೆಗಲು ಕಿವಿಗೆ ತಾಗುವಂತೆ ಎತ್ತಿ, ಉಸಿರಿಗಾಗಿ ಹೆಣಗುತ್ತಿದ್ದಳು. ಆಂಬುಲೆನ್ಸ್ ಬೇಗನೇ ಬಂತು. ತುಲಮೋರಿನ ಆಸ್ಪತ್ರೆಯ ದಾರಿಯಲ್ಲಿ, ಬೀಟ್‌ರೂಟ್ ಹೊಲಗಳ ನಡುವೆ, ಅವಳ ಉಸಿರು ನಿಂತಿತು. ಏಳು ತುಂಬಲು ಎರಡು ತಿಂಗಳಿತ್ತು.

ಯಾರದೂ ತಪ್ಪಿಲ್ಲ ಎಂದು ಎಲ್ಲರೂ ಹೇಳಿದರು. ಪಾದ್ರಿ ಹೇಳಿದರು, ಡಾಕ್ಟರು ಹೇಳಿದರು, ಸಾವಿನ ಮನೆಗೆ ಸ್ಯಾಂಡ್‌ವಿಚ್ ತಟ್ಟೆ ಹೊತ್ತು ತಂದ ಹೆಂಗಸರು ಹೇಳಿದರು. ಗಂಡಹೆಂಡಿರು ಆ ಮಾತನ್ನು ಹಿಡಿದುಕೊಂಡೇ ಎದ್ದು ನಿಂತರು. ಅಸಂಪ್ಟಾ ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋದಳು. ಡೋನಲ್ ಬೆಳೆದು ಲಾರಿ ಓಡಿಸಿದ, ಮದುವೆಯಾಗಿ ಇದೇ ಸಾಲಿನ ಮೂರನೆಯ ಮನೆ ಹಿಡಿದ. ಹಿಂದಿನ ಕೋಣೆಗೆ ಇಸ್ತ್ರಿ ಮೇಜು, ಕ್ರಿಸ್ಮಸ್ ಪೆಟ್ಟಿಗೆ, ಮುರಿದ ಕುರ್ಚಿ ಬಂದು ಸೇರಿದವು.

ಆಮೇಲೆ ಜೌಗಿನ ಕೆಲಸವೇ ನಿಂತುಹೋಯಿತು. ಆ ಮಣ್ಣನ್ನು ಉರಿಸುವುದು ಭೂಮಿಗೂ ಗಾಳಿಗೂ ಕೇಡು ಎಂದು ಸರ್ಕಾರ ತೀರ್ಮಾನಿಸಿತು. ಯಂತ್ರಗಳು ಶೆಡ್ಡು ಸೇರಿದವು. ಹೆರೆದ ನೆಲಕ್ಕೆ ಮತ್ತೆ ನೀರು ಬಿಟ್ಟರು. ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸುವ ತರಬೇತಿ ಶುರುವಾಯಿತು: ಹಳೆಯ ಮನೆಗಳಿಗೆ ಬಿಸಿ ಹಿಡಿದಿಡುವ ಹೊದಿಕೆ ಹಾಕುವುದು, ಒಲೆ ತೆಗೆದು, ಹೊರಗಾಳಿಯಿಂದ ಬಿಸಿ ಎಳೆದು ಮನೆ ಕಾಯಿಸುವ ಹೀಟ್ ಪಂಪ್ ಕೂರಿಸುವುದು. ಮ್ಯಾಲಕಿಯೂ ಅವನ ಜೊತೆ ಮೂವತ್ತು ವರ್ಷ ಯಂತ್ರ ಓಡಿಸಿದ ಪ್ಯಾಕಿ ಡೂಲಿಯೂ ಹೆಸರು ಕೊಟ್ಟರು.

"ನಲವತ್ತು ವರ್ಷ ಹೊಗೆ ಎಬ್ಬಿಸಿದ್ವಿ, ಈಗ ಅದನ್ನ ಕಮ್ಮಿ ಮಾಡೋಕೂ ನಮಗೇ ಸಂಬಳ ಕೊಡ್ತಾರಂತೆ. ಪಾಪ ಮಾಡೋಕೂ ದುಡ್ಡು, ತೊಳ್ಕೊಳ್ಳೋಕೂ ದುಡ್ಡು. ಇಂಥ ಧರ್ಮ ಇನ್ನೆಲ್ಲಿ ಸಿಗುತ್ತೆ ಮಾರಾಯ!" ಎಂದು ಪ್ಯಾಕಿ ಮೊದಲ ದಿನವೇ ತರಗತಿಯನ್ನೆಲ್ಲ ನಗಿಸಿದ.

ಕಲಿಸುತ್ತಿದ್ದವಳು ಊನಾ ಶೀಲ್ಸ್ ಎಂಬ ಮೂವತ್ತರ ಹೆಂಗಸು. ಎರಡನೆಯ ವಾರ ಅವಳು ಪರದೆಯ ಮೇಲೆ ಒಂದು ಫೋಟೋ ತೋರಿಸಿದಳು. ಒಂದು ಮಲಗುವ ಕೋಣೆ. ಗೋಡೆಗೆ ಹೊಡೆದಿದ್ದ ಹಲಗೆಯನ್ನು ಕಿತ್ತಿದ್ದಾರೆ. ಹಿಂದಿನ ಕಾಂಕ್ರೀಟ್ ಮಸಿ ಬಳಿದಂತೆ ಕಪ್ಪಾಗಿದೆ.

"ನಿಮ್ಮಲ್ಲಿ ತುಂಬ ಜನ ಮನೇಲಿ ಇದನ್ನೇ ಮಾಡಿರ್ತೀರಿ" ಎಂದಳು. "ಮಲಗಿದವರ ಉಸಿರಲ್ಲಿ ನೀರಿನ ಆವಿ ಇರುತ್ತೆ. ಒಂದು ಮಗು ಮಲಗಿ ಏಳೋದ್ರಲ್ಲಿ ಒಂದು ಬಟ್ಟಲು ನೀರು ಗಾಳಿಗೆ ಬಿಟ್ಟಿರುತ್ತೆ ಅಂದ್ಕೊಳ್ಳಿ. ಅದು ಕಿಂಡೀಲಿ ಆಚೆ ಹೋಗ್ಬೇಕು. ಚಳಿ ಅಂತ ಕಿಂಡಿ ಮುಚ್ಚಿದ್ರೆ ಅದು ಎಲ್ಲಿ ತಣ್ಣಗಿದೆ ಅಂತ ಹುಡುಕ್ಕೊಂಡು ಹೋಗುತ್ತೆ. ಹಲಗೆ ಹಿಂದೆ ಹೋಗಿ ಕೂರುತ್ತೆ. ಮುಂದ್ಗಡೆ ಗೋಡೆ ಬೆಚ್ಚಗೆ, ಚೆಂದ. ಹಿಂದ್ಗಡೆ ಬೂಷ್ಟು ಬೆಳೀತಾ ಇರುತ್ತೆ."

ಮ್ಯಾಲಕಿ ಕೈ ಎತ್ತಿದ. ಅಲ್ಲಿಯವರೆಗೆ ಅವನು ತರಗತಿಯಲ್ಲಿ ಬಾಯಿ ಬಿಟ್ಟವನಲ್ಲ.

"ಉಬ್ಬಸ ಇರೋರಿಗೆ?"

"ಅವ್ರಿಗೆ ವಿಷ" ಎಂದಳು ಊನಾ, ಮುಂದಿನ ಚಿತ್ರಕ್ಕೆ ಹೋಗುತ್ತ.

ಅವನು ಎದ್ದು ಹೊರಗೆ ಹೋದ. ಪ್ಯಾಕಿ ಹಿಂದೆಯೇ ಬಂದಾಗ ವ್ಯಾನಿಗೆ ಒರಗಿ ನಿಂತಿದ್ದ. ಏನಾಯಿತೆಂದು ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದ.

ಅವನು ಕೆಲಸ ಕಲಿತ, ಚೆನ್ನಾಗಿಯೇ ಕಲಿತ. ಎರಡು ವರ್ಷದಲ್ಲಿ ಅವನೂ ಪ್ಯಾಕಿಯೂ ಸುತ್ತಮುತ್ತ ಅರವತ್ತು ಮನೆ ಮುಗಿಸಿದರು. ಅಟ್ಟಕ್ಕೆ ದಪ್ಪ ಉಣ್ಣೆಯ ಪದರ, ಹೊರಗೋಡೆಗೆ ಕೋಟು ತೊಡಿಸಿದ ಹಾಗೆ ಹೊದಿಕೆ, ಮೂರು ಪದರ ಗಾಜಿನ ಕಿಟಕಿ, ಪ್ರತಿ ಕೋಣೆಗೂ ತೇವದ ಗಾಳಿ ಎಳೆದು ಹೊರಹಾಕುವ ಪುಟ್ಟ ಫ್ಯಾನು. ವಿಧವೆ ಟೆಸ್ ಕಿಲ್‌ಮಾರ್ಟಿನ್ ಮೂವತ್ತು ವರ್ಷದಲ್ಲಿ ಮೊದಲ ಬಾರಿ ಕೋಟು ಕಳಚಿ ಟಿವಿ ನೋಡಿದೆನೆಂದು ಅವನಿಗೆ ಹಣ್ಣಿನ ಕೇಕು ಮಾಡಿಕೊಟ್ಟಳು. ಆದರೆ ತನ್ನ ಮನೆಯ ಒಂದು ಮೊಳೆಯನ್ನೂ ಅವನು ಅಲ್ಲಾಡಿಸಲಿಲ್ಲ.

"ಊರಿಗೆಲ್ಲ ಸ್ವೆಟರ್ ತೊಡ್ಸಿದ. ನಮ್ಮನೆ ಮಾತ್ರ ಇನ್ನೂ ಬರೀ ಮೈಲಿದೆ" ಎಂದು ಅಸಂಪ್ಟಾ ಎಲ್ಲರೆದುರೇ ಕುಟುಕುವಳು.

"ಆಗುತ್ತೆ, ಆಗುತ್ತೆ. ಸರದಿ ಬರ್ಲಿ" ಎನ್ನುವನು.

"ಅರವತ್ತು ಮನೆ ಆಯ್ತಲ್ಲೋ, ಇನ್ಯಾವ ಸರದಿ? ಪೋಪ್ ಮನೆ ಬಾಕಿ ಇದೆಯಾ?" ಎನ್ನುವನು ಪ್ಯಾಕಿ.

ಸರದಿ ತಂದವಳು ಮೊಮ್ಮಗಳು ನೋರಾ, ನಾಲ್ಕು ವರ್ಷದವಳು. ಡೋನಲನ ಹೆಂಡತಿಗೆ ಮತ್ತೆ ದಿನ ತುಂಬುತ್ತಿತ್ತು. ನೋರಾಳನ್ನು ಸ್ವಲ್ಪ ದಿನ ಅಜ್ಜಿಯ ಮನೆಯಲ್ಲಿ ಇಟ್ಟುಕೊಳ್ಳುವುದೆಂದು ಮಾತಾಯಿತು. ಮ್ಯಾಲಕಿ ಅವಳು ತಮ್ಮ ಕೋಣೆಯಲ್ಲೇ ಮಲಗಲಿ ಎಂದ, ಬೇಕಾದರೆ ತಾನು ಸೋಫಾದಲ್ಲಿ ಮಲಗುತ್ತೇನೆ ಎಂದ. ಅಸಂಪ್ಟಾ ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು.

"ಇಪ್ಪತ್ತೆಂಟು ವರ್ಷ ಆ ರೂಮನ್ನ ಉಗ್ರಾಣ ಮಾಡಿ ಇಟ್ಟಿದೀವಿ. ಸಾಕು. ಅಲ್ಲೊಂದು ಮಗು ಮಲಗ್ಲಿ. ಅದನ್ನ ಮೊದ್ಲು ಬಿಚ್ಚು, ಬೆಚ್ಚಗೆ ಮಾಡು. ಉಳಿದ ಮನೆ ಆಮೇಲೆ."

ಅವನು ಅವಳ ಮುಖ ನೋಡಿದ. ಇನ್ನು ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ.

"ಸರಿ. ನಾನೊಬ್ನೇ ಬಿಚ್ತೀನಿ. ಧೂಳು ಜಾಸ್ತಿ. ನೀನು ಒಳಗೆ ಬರ್ಬೇಡ" ಎಂದ.

ಅವನು ಬುಧವಾರ ಆರಿಸಿಕೊಂಡ. ಬುಧವಾರ ಅಸಂಪ್ಟಾ ಬಸ್ಸು ಹತ್ತಿ ಬರ್ ಪಟ್ಟಣಕ್ಕೆ ಹೋಗಿ ತಲೆಗೂದಲು ಸರಿಮಾಡಿಸಿಕೊಂಡು, ತಂಗಿಯ ಮನೆಯಲ್ಲಿ ಊಟ ಮಾಡಿ ಮೂರು ಗಂಟೆಗೆ ಬರುವುದು ರೂಢಿ. ಅಷ್ಟರೊಳಗೆ ಹಲಗೆ ಕಿತ್ತು, ಚೀಲಕ್ಕೆ ತುಂಬಿ, ಗೋಡೆ ತೊಳೆದು ಬಿಳಿ ಮಾಡಿಬಿಡಬೇಕೆಂದು ಅವನ ಲೆಕ್ಕ. ಹತ್ತು ಗಂಟೆಗೆ ಸನ್ನೆಕೋಲು ತೂರಿಸಿ ಮೊದಲ ಹಲಗೆ ಮೀಟಿದ. ಮೊಳೆಗಳು ಕಿರುಗುಟ್ಟಿದವು. ಅವನದೇ ಮೊಳೆಗಳು, ಅವನೇ ಗೆರೆ ಎಳೆದು ಸರಿಸಮ ದೂರಕ್ಕೆ ಹೊಡೆದವು.

ಹಲಗೆ ಬಿಟ್ಟುಕೊಂಡಾಗ ಮೊದಲು ವಾಸನೆ ಬಂತು. ಆಮೇಲೆ ಕಂಡಿತು. ಥರ್ಮೊಕೋಲ್ ಕಂದಾಗಿ ಪುಡಿಯಾಗಿತ್ತು. ಹಿಂದಿನ ಗೋಡೆ ಕಪ್ಪು. ನೆಲದಿಂದ ಸೊಂಟದವರೆಗೆ ಹರಡಿದ ಆ ಕಪ್ಪು ಒಂದು ಜಾಗದಲ್ಲಿ ಮಾತ್ರ ದಟ್ಟವಾಗಿ, ಕೂದಲು ಬೆಳೆದಂತೆ ಮೃದುವಾಗಿತ್ತು. ಮಂಚದ ತಲೆದಿಂಬು ಇರುತ್ತಿದ್ದ ಜಾಗ ಅದು. ಅವನಿಗೆ ಅಳತೆ ಬೇಕಿರಲಿಲ್ಲ.

ಅವನು ಕೆಲಸ ನಿಲ್ಲಿಸಲಿಲ್ಲ. ಏಣಿ ಹತ್ತಿ ಕಿಂಡಿಗೆ ಕೈ ಹಾಕಿದ. ಒಳಗಿನ ಬಟ್ಟೆ ಗಟ್ಟಿಯಾಗಿ ಸಿಕ್ಕಿಕೊಂಡಿತ್ತು. ಎಳೆದ. ಹಳದಿ ಉಣ್ಣೆಯ ಒಂದು ತೋಳು ಹೊರಬಂತು.

"ಅದು ನಂದು."

ಅಸಂಪ್ಟಾ ಬಾಗಿಲಲ್ಲಿ ನಿಂತಿದ್ದಳು, ಕೋಟು ಇನ್ನೂ ಮೈಮೇಲಿತ್ತು. ತಲೆಗೂದಲು ಮಾಡುವವಳಿಗೆ ಜ್ವರವೆಂದು ಅಂಗಡಿ ಮುಚ್ಚಿತ್ತು, ತಂಗಿಯೂ ಮನೆಯಲ್ಲಿರಲಿಲ್ಲ, ಅದೇ ಬಸ್ಸಿಗೆ ವಾಪಸು ಬಂದಿದ್ದಳು.

"ಆಚೆ ಹೋಗು, ಧೂಳು" ಎಂದ ಮ್ಯಾಲಕಿ.

ಅವಳು ಒಳಗೆ ಬಂದಳು. ಗೋಡೆ ನೋಡಿದಳು, ನೆಲದ ಮೇಲಿದ್ದ ಹಲಗೆಯ ಹಿಂಬದಿ ನೋಡಿದಳು. ಎರಡು ವರ್ಷದಿಂದ ಊಟಕ್ಕೆ ಕೂತಾಗೆಲ್ಲ ಗಂಡನ ಬಾಯಲ್ಲಿ ತೇವ, ಬೂಷ್ಟು, ಕಿಂಡಿಯ ಮಾತು ಕೇಳಿದವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಇದು ಹೀಗಿರುತ್ತೆ ಅಂತ ನಿಂಗೆ ಗೊತ್ತಿತ್ತು."

"ಈಗಷ್ಟೇ ಬಿಚ್ಚಿದ್ದು..."

"ಮ್ಯಾಲಕಿ."

"ಗೊತ್ತಿತ್ತು. ಎರಡು ವರ್ಷದಿಂದ. ಆ ತರಬೇತಿಲಿ ಫೋಟೋ ತೋರಿಸಿದ್ರು."

"ಅದಕ್ಕೇ ಮನೆ ಮುಟ್ಲಿಲ್ಲ."

"ಹೂಂ." ಏಣಿಯಿಂದ ಇಳಿದ. "ನಾನೇ ಮಾಡಿದ್ದು ಅಸಂಪ್ಟಾ. ಹಲಗೆ ಹೊಡೆದದ್ದು ನಾನು, ಕಿಂಡಿ ಮುಚ್ಚಿದ್ದು ನಾನು. ನನ್ನ ತಲೇಲಿ ಬಂದದ್ದು. ನೀನು ಮನೇಲೇ ಇರ್ಲಿಲ್ಲ ಅವತ್ತು."

ಈ ಸುಳ್ಳನ್ನು ಅವನು ಎರಡು ವರ್ಷ ಅಭ್ಯಾಸ ಮಾಡಿದ್ದ. ವ್ಯಾನು ಓಡಿಸುತ್ತ, ಬೇರೆಯವರ ಅಟ್ಟದಲ್ಲಿ ಬೋರಲು ಮಲಗಿ ಉಣ್ಣೆ ಹಾಸುತ್ತ, ಹೇಗೆ ಹೇಳಿದರೆ ನಿಜವೆನಿಸುತ್ತದೆ ಎಂದು ಹೇಳಿ ನೋಡಿಕೊಂಡಿದ್ದ. ಅವನ ಕೈಯಲ್ಲಿ ಆ ಹಳದಿ ಸ್ವೆಟರ್ ಇಲ್ಲದಿದ್ದರೆ ಅವಳು ನಂಬುತ್ತಿದ್ದಳೋ ಏನೋ.

"ನಾನು ಇಲ್ಲೇ ನಿಂತಿದ್ದೆ" ಎಂದಳು ಅಸಂಪ್ಟಾ. "ಕಿಂಡಿ ಮುಚ್ಚೋದು ಬೇಡ, ಹಲಗೆ ಸಾಕು ಅಂದೆ ನೀನು. ನಾನು ಒಪ್ಲಿಲ್ಲ. ಮಗು ನಡುಗ್ತಿದೆ ಅಂದೆ. ತುರುಕೋಕೆ ಏನೂ ಇಲ್ಲ ಅಂದೆ ನೀನು. ಮೈಮೇಲಿದ್ದದ್ದನ್ನೇ ಕಳಚಿ ಕೊಟ್ಟೆ ನಾನು. ಇನ್ನೂ ಬೆಚ್ಚಗಿತ್ತು ಅದು."

ಅವನು ಅವಳ ಹೆಗಲಿಗೆ ಕೈ ಚಾಚಿದ. ಅವಳು ಸ್ವೆಟರನ್ನು ಮಾತ್ರ ತೆಗೆದುಕೊಂಡು ಅಡುಗೆಮನೆಗೆ ಹೋದಳು.

ಮರುದಿನ ಅವಳೊಬ್ಬಳೇ, ಆಗ ರೀಯನಾಗೆ ಔಷಧಿ ಕೊಡುತ್ತಿದ್ದ ಮುದಿ ಡಾಕ್ಟರ್ ಟೈರ್ನಿಯ ಮನೆಗೆ ಹೋದಳು. ಅವರು ಕೆಲಸ ಬಿಟ್ಟು ಹತ್ತು ವರ್ಷವಾಗಿತ್ತು, ಆದರೆ ರೀಯನಾಳನ್ನು ಮರೆತಿರಲಿಲ್ಲ.

"ಗೋಡೆಯಿಂದ ಸತ್ತಳಾ ಡಾಕ್ಟ್ರೇ? ಸುತ್ತಿ ಬಳಸಿ ಹೇಳ್ಬೇಡಿ."

ಅವರು ಕನ್ನಡಕ ತೆಗೆದು ಒರೆಸಿದರು. "ಆಗಿರಬಹುದಮ್ಮ. ಆಗಿಲ್ದೇನೂ ಇರಬಹುದು. ಒಳ್ಳೇ ಒಣಗಿದ ಮನೇಲಿದ್ದ ಮಕ್ಕಳೂ ಹೋಗಿದಾರೆ. ಒಂದೇ ಕಾರಣ ಅಂತ ಯಾರಿಗೂ ಹೇಳೋಕಾಗಲ್ಲ. ಆಗ ನನಗೆ ತಿಳೀಬೇಕಿತ್ತು, ಆ ರೂಮಿಗೆ ಬಂದಿದ್ದೆ ನಾನು. ಎಷ್ಟು ಬೆಚ್ಚಗಿದೆ ಅಂತ ನಿಮ್ಮನ್ನ ಹೊಗಳಿದ್ದೆ."

ಹೌದೆಂದಿದ್ದರೆ ಒಂದು ದಾರಿ, ಇಲ್ಲವೆಂದಿದ್ದರೆ ಇನ್ನೊಂದು ದಾರಿ ಇರುತ್ತಿತ್ತು. ಎರಡೂ ಅಲ್ಲದ್ದನ್ನು ಹೊತ್ತುಕೊಂಡು ಅಸಂಪ್ಟಾ ಮನೆಗೆ ಬಂದು, ಒಂದು ಚೀಲಕ್ಕೆ ಬಟ್ಟೆ ತುಂಬಿ, ಬರ್‌ನಲ್ಲಿದ್ದ ತಂಗಿಯ ಮನೆಗೆ ಹೊರಟಳು. ಜಗಳ ಆಡಲಿಲ್ಲ. "ಈ ಮನೇಲಿ ಉಸಿರಾಡೋಕೆ ಆಗ್ತಿಲ್ಲ ನಂಗೆ" ಎಂದಳು. ತಾನು ಏನೆಂದೆ ಎಂದು ಹೊಳೆದು ಬಾಯಿ ಮುಚ್ಚಿಕೊಂಡಳು.

ಮೂರು ವಾರ ಆ ಕೋಣೆ ಹಾಗೇ ಬಾಯ್ದೆರೆದುಕೊಂಡಿತ್ತು. ಮ್ಯಾಲಕಿ ಕೆಲಸಕ್ಕೆ ಹೋದ. ಒಂದು ಮನೆಯಲ್ಲಿ ಪುಟ್ಟ ಕೂಸಿನ ತಾಯಿ ಕಿಂಡಿಗೆ ಟವೆಲ್ ತುರುಕಿದ್ದಳು. ಕೂಸು ಅದರ ಕೆಳಗಿನ ತೊಟ್ಟಿಲಲ್ಲಿ ಮಲಗಿತ್ತು. ಅವನು ಟವೆಲ್ ಕಿತ್ತು ನೆಲಕ್ಕೆ ಎಸೆದ.

"ಬುದ್ಧಿ ಇದೆಯೇನ್ರೀ ನಿಮ್ಗೆ? ಕೊಲ್ತೀರಾ ಇದನ್ನ?"

ಆ ಹೆಂಗಸು, ಇನ್ನೂ ಇಪ್ಪತ್ತೆರಡು ದಾಟಿರಲಿಕ್ಕಿಲ್ಲ, ಬೆಚ್ಚಿ ಅಳತೊಡಗಿದಳು. ಚಳಿಯಾಗುತ್ತಿತ್ತು, ಅದಕ್ಕೇ, ಎಂದಳು. ಪ್ಯಾಕಿ ಅವನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದ.

"ತಲೆ ಕೆಟ್ಟಿದೆಯೇನೋ? ಆ ಹುಡುಗಿ ನಿಂಗೇನು ಮಾಡಿದ್ಲು?"

ಮ್ಯಾಲಕಿ ವ್ಯಾನಿನ ಮೆಟ್ಟಿಲ ಮೇಲೆ ಕುಳಿತ. ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದ. ಹಾಸ್ಯ ಬಿಟ್ಟು ಬೇರೆ ಮಾತು ಬಾರದ ಪ್ಯಾಕಿ ಪಕ್ಕದಲ್ಲಿ ಕುಳಿತು ಕೇಳಿದ. ರೀಯನಾಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ಅವನೂ ಒಬ್ಬ. ಅಷ್ಟು ಚಿಕ್ಕ ಪೆಟ್ಟಿಗೆಗೆ ನಾಲ್ಕು ಜನ ಬೇಕೇ ಇರಲಿಲ್ಲ.

"ನಮ್ಮನೇಲೂ ಮುಚ್ಚಿದ್ವಿ ಕಣೋ" ಎಂದ ಕಡೆಗೆ. "ಐದು ಮಕ್ಕಳು ಅದ್ರಲ್ಲೇ ಮಲಗಿದ್ರು. ಅವ್ರಿಗೇನೂ ಆಗ್ಲಿಲ್ಲ. ಯಾಕೆ ಅಂತ ನಂಗೂ ಗೊತ್ತಿಲ್ಲ."

ಮ್ಯಾಲಕಿ ಒಳಗೆ ಹೋಗಿ ಆ ತಾಯಿಯ ಕ್ಷಮೆ ಕೇಳಿದ. ನನಗೊಬ್ಬ ಮಗಳಿದ್ದಳು ಎಂದಷ್ಟೇ ಹೇಳಿದ. ಅವಳು ಟವೆಲ್ ಹೆಕ್ಕಿಕೊಂಡು, ಕೂಸನ್ನು ಎತ್ತಿ ಎದೆಗವಚಿಕೊಂಡು ನಿಂತೇ ಇದ್ದಳು.

ಡೋನಲನಿಗೆ ಗಂಡು ಮಗುವಾದ ವಾರ ಅಸಂಪ್ಟಾ ಬಸ್ಸಿಳಿದು ಬಂದಳು. ಕೋಟನ್ನೂ ಕಳಚದೆ ಹಿಂದಿನ ಕೋಣೆಗೆ ಹೋಗಿ ನಿಂತಳು. ಮ್ಯಾಲಕಿ ಹಿಂದೆ ಬಂದು ನಿಂತ.

"ನನ್ನ ಉಳಿಸೋಕೆ ಸುಳ್ಳು ಹೇಳಿದೆಯಲ್ಲ" ಎಂದಳು ತಿರುಗದೆ. "ಅಲ್ಲಿದ್ದಾಗ ಅದನ್ನೇ ಯೋಚ್ನೆ ಮಾಡ್ದೆ. ಎರಡು ವರ್ಷ ಒಬ್ನೇ ಇಟ್ಕೊಂಡಿದ್ದೀಯ. ಇನ್ಮೇಲೆ ಹಾಗೆ ಮಾಡ್ಬೇಡ. ನಂಗೂ ಅರ್ಧ ಬರ್ಬೇಕು ಅದ್ರಲ್ಲಿ."

"ಸರಿ."

"ಬಾ, ಮುಗ್ಸೋಣ."

ಪ್ಯಾಕಿ ಬರುತ್ತೇನೆಂದ, ಇಬ್ಬರೂ ಬೇಡವೆಂದರು. ಅವಳು ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಮಂಡಿಯೂರಿ ಗೋಡೆ ಉಜ್ಜಿದಳು. ತಲೆದಿಂಬಿನ ಜಾಗವನ್ನು ಅವನಿಗೆ ಬಿಡದೆ ತಾನೇ ಉಜ್ಜಿದಳು, ಬೆರಳಗೆಣ್ಣಿನ ಚರ್ಮ ಕಿತ್ತುಬರುವವರೆಗೆ. ಗೋಡೆ ಒಣಗಲು ಯಂತ್ರ ಇಟ್ಟರು. ಅವನು ಹೊರಗಿನಿಂದ ಹೊದಿಕೆಯ ಹಲಗೆಗಳನ್ನು ಕೂರಿಸುವಾಗ ಅವಳು ಕೆಳಗೆ ನಿಂತು ಒಂದೊಂದನ್ನೇ ಎತ್ತಿಕೊಟ್ಟಳು. ಕಿಂಡಿಯನ್ನು ಅಗಲ ಮಾಡಿ ಫ್ಯಾನು ಕೂರಿಸಿದ. ಅದು ತಿರುಗುವ ಸದ್ದು ಕಿವಿಯಿಟ್ಟರೆ ಮಾತ್ರ ಕೇಳುತ್ತಿತ್ತು. ಒಳಗೋಡೆಗೆ ಸುಣ್ಣ ಬಳಿದರು. ಯಾವ ಬಣ್ಣವೆಂದು ಅವನು ಕೇಳಲಿಲ್ಲ, ಅವಳೂ ಹೇಳಲಿಲ್ಲ, ಬಿಳಿಯೇ ಉಳಿಯಿತು.

ನೋರಾ ಒಂದು ಗೊಂಬೆ, ಎರಡು ದಿಂಬು, ಲೆಕ್ಕವಿಲ್ಲದಷ್ಟು ಪ್ರಶ್ನೆಗಳೊಂದಿಗೆ ಬಂದಳು. ಜನವರಿಯ ಮೊದಲ ಭಾನುವಾರ, ಊಟವಾದ ಮೇಲೆ, ಆ ಕೋಣೆಯಲ್ಲಿ ಮಲಗಿದಳು. ಹೊರಗೆ ಜೌಗಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿತ್ತು. ಸ್ವಲ್ಪ ಹೊತ್ತಿಗೆ ಅವಳು ಸೆಕೆಯಾಗಿ ಹೊದಿಕೆಯನ್ನು ಒದ್ದು ಕಾಲಡಿಗೆ ತಳ್ಳಿದ್ದಳು. ಬಾಯಿ ಅರೆ ತೆರೆದು ನಿದ್ದೆ ಹೋಗಿದ್ದಳು. ಉಸಿರು ಸರಾಗವಾಗಿ ಬಂದು ಹೋಗುತ್ತಿತ್ತು.

ಮ್ಯಾಲಕಿ ಅಂಗಿತೋಳು ಮಡಚಿಕೊಂಡು ಬಾಗಿಲ ಬಳಿ ನಿಂತಿದ್ದ. ಅಸಂಪ್ಟಾ ಬಂದು ಪಕ್ಕದಲ್ಲಿ ನಿಂತಳು. ಇಬ್ಬರೂ ಆ ಉಸಿರನ್ನು ಕೇಳಿದರು.

"ಎಷ್ಟು ದಿನ ಹಿಡೀತು ನಮ್ಗೆ?" ಎಂದು ಅವಳು ಪಿಸುಗುಟ್ಟಿದಳು. "ನಾವಿಬ್ರೂ ಶುರು ಮಾಡಿದಾಗಿಂದ ಸುಣ್ಣದ ತನಕ?"

ಅವಳು ಯಾವ ಚಳಿಗಾಲದ ಲೆಕ್ಕ ಹಾಕುತ್ತಿದ್ದಾಳೆಂದು ತಿಳಿದು ಅವನು ಹೇಳಬಾರದೆಂದುಕೊಂಡ. ಆದರೆ ಇನ್ನು ಮೇಲೆ ಒಬ್ಬನೇ ಇಟ್ಟುಕೊಳ್ಳುವುದಿಲ್ಲ ಎಂದು ಮಾತು ಕೊಟ್ಟಿದ್ದ.

"ಒಂಬತ್ತು ದಿನ."

ಅಸಂಪ್ಟಾ ತಲೆಯಾಡಿಸಿದಳು. ಒಳಗೆ ಹೋಗಿ, ಕಾಲಡಿಯ ಹೊದಿಕೆಯನ್ನು ಎತ್ತಿ, ಮಗುವಿಗೆ ಹೊದಿಸಲು ಬಾಗಿ, ಬೇಡವೆಂದು ತಿಳಿದು, ಅದನ್ನು ಮಡಚತೊಡಗಿದಳು. ಮಡಚಿ ಮುಗಿದ ಮೇಲೂ ಬಿಚ್ಚಿ ಮತ್ತೆ ಮಡಚುತ್ತಿದ್ದಳು.